ಗಂಗಾಳದ ಚಿತ್ರ, ಆಯಿಯ ದನಿ

ಮಕ್ಕಳಿಗೆ ಟ್ಯಾಬ್ ಕೊಡಿಸಬಹುದೇ? ಗಣಕಯಂತ್ರದಲ್ಲಿ ಚಿತ್ರ ಬಿಡಿಸಿದರೆ ಪೆನ್ಸಿಲ್ ಹಿಡಿಯುವುದು ಮರೆತುಹೋಗುವುದಿಲ್ಲವೇ? ಕನ್ನಡ ಕಲಿಸುವ ತರಗತಿಯಲ್ಲಿ ಕಂಪ್ಯೂಟರಿಗೆ ಏನು ಕೆಲಸ? ರವಿವಾರ ತರಗತಿ ಮುಗಿಸಿ ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಯಾವುದಾದರೂ ಮಗುವಿನ ತಾಯಿಯೋ ತಂದೆಯೋ ಇಂಥ ಒಂದು ಪ್ರಶ್ನೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಅವರಿಗೆ ಚಿಕ್ಕ ಉತ್ತರ ಕೊಡಲು ನನಗೆ ಇದುವರೆಗೂ ಆಗಿಲ್ಲ. ಇವತ್ತು ನನಗೆ ಸ್ವಲ್ಪ ಹೆಚ್ಚು ಸಮಯ ಕೊಟ್ಟಿದ್ದಾರೆ. ಹಾಗಾಗಿ ನಮ್ಮ ತರಗತಿಯಲ್ಲಿ ಏನು ನಡೆಯಿತೋ ಅದನ್ನೇ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

ನನ್ನ ಪರಿಚಯ ಎರಡು ಮಾತಿನಲ್ಲಿ. ತವರು ಹಾಸನ. ಮದುವೆಯಾಗಿ ಮುಂಬಯಿಗೆ ಬಂದೆ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು ಎಂಬುದು ನಿಮಗೆ ತಿಳಿದೇ ಇದೆ. ಅಂಥ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದೆ. ಈಗ ಡೊಂಬಿವಲಿ ಕಡೆ ಒಂದು ಹೌಸಿಂಗ್ ಸೊಸೈಟಿಯ ಸಭಾಕೋಣೆಯಲ್ಲಿ ರವಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಹದಿನಾಲ್ಕು ಮಕ್ಕಳು, ಆರು ವರ್ಷದಿಂದ ಹನ್ನೊಂದು ವರ್ಷದವರು. ಶಾಲೆಯಲ್ಲಿ ಇಂಗ್ಲಿಷ್, ಲಿಫ್ಟಿನಲ್ಲಿ ಹಿಂದಿ, ಆಟದ ಅಂಗಳದಲ್ಲಿ ಮರಾಠಿ. ಕನ್ನಡ ಇರುವುದು ಮನೆಯ ಒಳಗೆ. ಅದೂ ಹೆಚ್ಚಾಗಿ ಅಜ್ಜ ಅಜ್ಜಿಯರ ಬಾಯಲ್ಲಿ.

2020ರ ಮಾರ್ಚಿನಲ್ಲಿ ಎಲ್ಲದರಂತೆ ನಮ್ಮ ತರಗತಿಯೂ ಮುಚ್ಚಿತು. ಮತ್ತೆ ಬಾಗಿಲು ತೆರೆದದ್ದು 2022ರಲ್ಲಿ. ಅಷ್ಟರಲ್ಲಿ ಮಕ್ಕಳೆಲ್ಲ ಫೋನಿನ ಮುಂದೆ ಕೂತು ಕೂತು ಬೇರೆಯೇ ಆಗಿದ್ದರು. ಹಲಗೆಯ ಮೇಲೆ ಆನೆ ಬರೆದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಆಗ ಸೊಸೈಟಿಯವರೊಬ್ಬರು ತಮ್ಮ ಕಚೇರಿಯಲ್ಲಿ ಬದಲಾಯಿಸಿದ ಎರಡು ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟರು. ನಮ್ಮ ಕಟ್ಟಡದ ಇಂಜಿನಿಯರಿಂಗ್ ಓದುವ ಹುಡುಗ ಅದರಲ್ಲಿ ಟಕ್ಸ್ ಪೇಂಟ್ ಎಂಬ ತಂತ್ರಾಂಶ ಹಾಕಿಕೊಟ್ಟ.

ಪರದೆಯ ಮೇಲೆ ಚಿತ್ರ ಬಿಡಿಸುವುದು ಹೊಸ ವಿಷಯವೇನಲ್ಲ. ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಎಂಬ ವಿದ್ಯಾರ್ಥಿ ಬೆಳಕಿನ ಲೇಖನಿ ಹಿಡಿದು ಪರದೆಯ ಮೇಲೆ ಗೆರೆ ಎಳೆಯುವ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ತನ್ನ ಪ್ರಬಂಧದಲ್ಲಿ ಮುಂದಿಟ್ಟದ್ದು 1963ರಲ್ಲಿ. 1985ರಲ್ಲಿ ಬಂದ ಮೊದಲ ವಿಂಡೋಸ್‌ನಲ್ಲೇ ಪೇಂಟ್ ಇತ್ತು. ಟಕ್ಸ್ ಪೇಂಟ್ ಬಂದದ್ದು 2002ರಲ್ಲಿ; ಬಿಲ್ ಕೆಂಡ್ರಿಕ್ ಎಂಬುವರು ಆರಂಭಿಸಿದ್ದು. ಮೂರರಿಂದ ಹನ್ನೆರಡು ವರ್ಷದ ಮಕ್ಕಳನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ಉಚಿತ, ಮುಕ್ತ ತಂತ್ರಾಂಶ. ಕನ್ನಡದ ಆಯ್ಕೆಯೂ ಉಂಟು. ದೊಡ್ಡವರ ತಂತ್ರಾಂಶಗಳಂತೆ ಇದು ಮಗುವನ್ನು ಕಾಡುವುದಿಲ್ಲ. ಉಳಿಸು ಎಂದರೆ ಕಡತದ ಹೆಸರೇನು, ಎಲ್ಲಿಡಲಿ ಎಂದು ಕೇಳುವುದಿಲ್ಲ, ಸುಮ್ಮನೆ ಉಳಿಸಿಡುತ್ತದೆ. ಮತ್ತೆ ಬೇಕಾದಾಗ ಚಿಕ್ಕ ಚಿಕ್ಕ ಚಿತ್ರಗಳಾಗಿ ತೋರಿಸುತ್ತದೆ. ಓದಲು ಬಾರದ ಮಗುವೂ ತನ್ನ ಚಿತ್ರವನ್ನು ತಾನೇ ಹುಡುಕಿಕೊಳ್ಳಬಹುದು.

ಅದರಲ್ಲಿ ಸ್ಟ್ಯಾಂಪ್ ಎಂಬ ಇನ್ನೊಂದು ಅನುಕೂಲ ಇದೆ. ಅಂಚೆಚೀಟಿಯಲ್ಲ, ರಬ್ಬರ್ ಮೊಹರು ಒತ್ತಿದ ಹಾಗೆ. ಸಿದ್ಧ ಚಿತ್ರವೊಂದನ್ನು ಆರಿಸಿ ಒತ್ತಿದರೆ ಹಾಳೆಯ ಮೇಲೆ ಮೂಡುತ್ತದೆ. ಕೆಲವಕ್ಕೆ ಸದ್ದೂ ಇದೆ. ಮೊದಲ ದಿನ ನಮ್ಮ ಸಭಾಕೋಣೆಯಲ್ಲಿ ಎದ್ದ ಗಲಾಟೆ ಕೇಳಿ ವಾಚ್‌ಮನ್ ಓಡಿ ಬಂದ!

ಎರಡು ತಿಂಗಳು ನಾನು ಬಹಳ ಸಂತೋಷದಲ್ಲಿದ್ದೆ. ಮಕ್ಕಳು ತಪ್ಪದೆ ಬರುತ್ತಿದ್ದರು. ಆಮೇಲೆ ಒಂದು ದಿನ ಅವರ ಚಿತ್ರಗಳನ್ನೆಲ್ಲ ಸಾಲಾಗಿ ತೆರೆದು ನೋಡಿದೆ. ಹದಿನಾಲ್ಕು ಮಕ್ಕಳ ಚಿತ್ರದಲ್ಲೂ ಅದೇ ಮರ, ಅದೇ ಸೇಬು, ಅದೇ ಹಕ್ಕಿ. ಚಿತ್ರಗಳು ಚೆನ್ನಾಗಿದ್ದವು, ಆದರೆ ಒಂದರಲ್ಲೂ ಮಗು ಇರಲಿಲ್ಲ. ಅವುಗಳ ಬಗ್ಗೆ ಹೇಳು ಎಂದರೆ ಹೇಳಲು ಅವರಲ್ಲೂ ಏನೂ ಇರಲಿಲ್ಲ. ‘ಏನಿದು?’ ‘ಮರ.’ ‘ಇದು?’ ‘ಬರ್ಡ್.’ ಅಲ್ಲಿಗೆ ಮಾತು ಮುಗಿಯಿತು. ನಾನು ಕಲಿಸಬೇಕಾದದ್ದು ಮಾತನ್ನು. ಹುಡುಗನನ್ನು ಕರೆದು ಸ್ಟ್ಯಾಂಪುಗಳನ್ನೆಲ್ಲ ತೆಗೆಸಿಬಿಟ್ಟೆ. ಮಕ್ಕಳಿಗೆ ನನ್ನ ಮೇಲೆ ಸಿಟ್ಟು ಬಂತು. ಬರಲಿ ಎಂದುಕೊಂಡೆ.

ಖಾಲಿ ಹಾಳೆಯ ಮುಂದೆ ಕೂರಿಸಿ ಬರೆಸಲು ತೊಡಗಿದೆ. ಮೌಸ್ ಹಿಡಿದು ಬರೆಯುವುದು ಚಿಕ್ಕ ಕೈಗಳಿಗೆ ಸುಲಭವಲ್ಲ. ಸೋಪಿನ ತುಂಡು ಹಿಡಿದು ಬರೆದಂತೆ. ಅದಕ್ಕೆ ಆರೇಳು ವರ್ಷದವರು ಮೊದಲು ಕಾಗದದ ಮೇಲೆ ಬರೆಯಲಿ, ಫೋನಿನಲ್ಲಿ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ ಅಲ್ಲಿ ಬಣ್ಣ ತುಂಬಲಿ ಎಂದು ಮಾಡಿದೆವು. ಇದು ಎಲ್ಲರಿಗೂ ಒಗ್ಗಿತು. ಎರಡೇ ಯಂತ್ರ ಇರುವಾಗ ಉಳಿದವರು ಕಾಗದದಲ್ಲಿ ನಿರತರಾಗಿರುತ್ತಾರೆ ಎಂಬ ಅನುಕೂಲವೂ ಇತ್ತು. ಅಕ್ಷರವನ್ನು ಮಾತ್ರ ನಾನು ಯಂತ್ರದಲ್ಲಿ ತಿದ್ದಿಸುವುದಿಲ್ಲ. ಅದಕ್ಕೆ ಸ್ಲೇಟು, ಬಳಪ.

ಈಗ ಗಂಗಾಳದ ವಿಷಯಕ್ಕೆ ಬರುತ್ತೇನೆ. ‘ನಮ್ಮ ಮನೆಯಲ್ಲಿ ಊಟ’ ಎಂಬ ಚಿತ್ರ ಬರೆಯಲು ಹೇಳಿದ್ದೆ. ಎಂಟು ವರ್ಷದ ಹುಡುಗಿಯೊಬ್ಬಳು, ಹಿರಿಯರು ಧಾರವಾಡ ಜಿಲ್ಲೆಯವರು, ಒಬ್ಬ ಮುದುಕಿ ನೆಲದ ಮೇಲೆ ಕೂತು ಉಣ್ಣುವ ಚಿತ್ರ ಬರೆದಳು. ಆಕೆಯ ಮುಂದೆ ಒಂದು ದೊಡ್ಡ ವೃತ್ತ. ಅದರ ಸುತ್ತ ದಪ್ಪನೆಯ ಇನ್ನೊಂದು ಗೆರೆ. ಮೌಸ್ ಜಾರಿ ಎರಡು ಸಲ ಗೆರೆ ಎಳೆದುಬಿಟ್ಟಿದ್ದಾಳೆ ಎಂದುಕೊಂಡೆ. ‘ಇದೇನಮ್ಮ?’ ಎಂದೆ. ‘ಆಯಿ ಗಂಗಾಳ’ ಎಂದಳು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಈ ಮಗು ಅಜ್ಜಿಯನ್ನು ಆಯಿ ಎನ್ನುತ್ತದೆ. ಪಕ್ಕದಲ್ಲಿ ಕೂತ ಹುಡುಗ, ‘ಇದು ನಿಮ್ಮಮ್ಮನಾ? ಇಷ್ಟು ವಯಸ್ಸಾಗಿದೆಯಾ?’ ಎಂದು ನಕ್ಕ. ಆ ಗದ್ದಲದಲ್ಲಿ ನಾನು, ‘ಅದಕ್ಕೆ ತಟ್ಟೆ ಅನ್ನಬೇಕು ಪುಟ್ಟೀ’ ಎಂದು ಅವಳ ಮಾತು ತಿದ್ದಿ, ಮೌಸ್ ತೆಗೆದುಕೊಂಡು ಆ ಹೊರಗಿನ ಗೆರೆಯನ್ನೂ ಅಳಿಸಿಕೊಟ್ಟೆ. ಸಹಾಯ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಮುಂದಿನ ಎರಡು ರವಿವಾರ ಆ ಹುಡುಗಿ ಬಾಯಿ ಬಿಡಲಿಲ್ಲ. ಬರೆ ಎಂದರೆ ಬರೆದಳು: ಹುಲ್ಲು, ಸೂರ್ಯ, ಮನೆ. ಎಲ್ಲ ಮಕ್ಕಳೂ ಬರೆಯುವಂಥದ್ದೇ. ಮೂರನೆಯ ರವಿವಾರ ಬರಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ತಾಯಿ ಕೆಲಸದ ಮೇಲೆ ಹೋಗಿದ್ದರು. ಅಜ್ಜಿಯೇ ಬಾಗಿಲು ತೆರೆದರು. ‘ಬರ್ರಿ ಅಕ್ಕೋರ, ಕೂಡ್ರಿ’ ಎಂದು ಕೂರಿಸಿ ಚಹಾ ಇಟ್ಟರು. ಧಾರವಾಡದ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ನನಗೆ ಆ ಮಾತು ಕೇಳಿಯೇ ಅರ್ಧ ನಾಚಿಕೆಯಾಯಿತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: ‘ನಮ್ಮದೇನ್ ಭಾಷಿರಿ, ಹಳ್ಳಿ ಮಾತು. ಹುಡುಗಿಗೆ ನೀವು ಛಲೋ ಕನ್ನಡ ಕಲಸ್ರಿ. ನನ್ನ ಮಾತು ಕಲ್ತು ಕೆಟ್ಟಾಳು. ಇನ್ನ ಮ್ಯಾಲೆ ಅಕಿ ಜೋಡಿ ಹಿಂದಿನ ಮಾತಾಡ್ತೀನಿ ಅಂತ ಹೇಳೀನಿ.’

ಯೋಚಿಸಿ ನೋಡಿ. ಕನ್ನಡ ಉಳಿಸಬೇಕು ಎಂದು ರವಿವಾರದ ನಿದ್ದೆ ಬಿಟ್ಟು ತರಗತಿ ನಡೆಸುವವಳು ನಾನು. ಆ ಮನೆಯಲ್ಲಿ ಕನ್ನಡ ಆಡುವ ಒಬ್ಬರೇ ಒಬ್ಬರನ್ನು ನಾನೇ ಸುಮ್ಮನಾಗಿಸಿದ್ದೆ. ಒಂದೇ ಒಂದು ಶಬ್ದ ತಿದ್ದಿ.

ಹೊರಡುವಾಗ ಅವರೇ ಅಡಿಗೆಮನೆಯಿಂದ ಅದನ್ನು ತಂದು ತೋರಿಸಿದರು. ಹಿತ್ತಾಳೆಯ ಗಂಗಾಳ, ಊರಿನಿಂದ ತಂದದ್ದು. ಅದರ ಅಂಚು ಎರಡು ಬೆರಳಿನಷ್ಟು ಎತ್ತರ ಎದ್ದಿತ್ತು. ‘ಸಾರು ಹರಿಯೂದಿಲ್ರಿ ಇದರಾಗ’ ಎಂದರು. ಹುಡುಗಿ ಎಳೆದ ಎರಡನೆಯ ಗೆರೆ ಆ ಅಂಚು! ಅವಳು ಕಂಡದ್ದನ್ನು ಸರಿಯಾಗಿ ಬರೆದಿದ್ದಳು, ಸರಿಯಾದ ಹೆಸರನ್ನೂ ಹೇಳಿದ್ದಳು. ನಾನು ಎರಡನ್ನೂ ಅಳಿಸಿದ್ದೆ.

ಮನೆಗೆ ಬಂದು ಇಂಜಿನಿಯರಿಂಗ್ ಹುಡುಗನಿಗೆ ಇದನ್ನೆಲ್ಲ ಹೇಳಿಕೊಂಡೆ. ಅವನು ಸಮಾಧಾನ ಗಿಮಾಧಾನ ಹೇಳಲಿಲ್ಲ. ‘ಆಂಟಿ, ಸ್ಟ್ಯಾಂಪ್ ನಾವೇ ಮಾಡಬಹುದು, ಗೊತ್ತಾ?’ ಎಂದ. ಟಕ್ಸ್ ಪೇಂಟಿನಲ್ಲಿ ಸ್ಟ್ಯಾಂಪುಗಳ ಕಡತಕೋಶ ಎಲ್ಲರಿಗೂ ತೆರೆದಿದೆ. ಮಗು ಬರೆದ ಚಿತ್ರವನ್ನು, ಹಿನ್ನೆಲೆ ತೆಗೆದು, ಪಿಎನ್‌ಜಿ ಎಂಬ ರೂಪದಲ್ಲಿ ಅಲ್ಲಿಟ್ಟರೆ ಅದೇ ಒಂದು ಸ್ಟ್ಯಾಂಪ್ ಆಗುತ್ತದೆ. ಅದೇ ಹೆಸರಿನ ಒಂದು ಸಣ್ಣ ಪಠ್ಯ ಕಡತದಲ್ಲಿ ವಸ್ತುವಿನ ಹೆಸರು ಬರೆದಿಟ್ಟರೆ ಪರದೆಯ ಕೆಳಗೆ ಆ ಹೆಸರು ಕಾಣುತ್ತದೆ, ಕನ್ನಡದಲ್ಲೂ ಬರೆಯಬಹುದು. ಇನ್ನು ಧ್ವನಿ. ಒಂದೊಂದು ಸ್ಟ್ಯಾಂಪಿಗೆ ಎರಡು ಧ್ವನಿ ಜೋಡಿಸಬಹುದು. ಮೊದಲನೆಯದು ಆ ವಸ್ತುವಿನ ಸದ್ದು. ಎರಡನೆಯದು ಅದರ ಹೆಸರು ಹೇಳುವ ಮನುಷ್ಯರ ದನಿ. ರೇಡಿಯೋ ಕೇಳುವವರಿಗೆ ಇದರ ರುಚಿ ಬೇಗ ಹತ್ತುತ್ತದೆ ಅಲ್ಲವೇ?

ಮರುದಿನವೇ ಅವನನ್ನು ಕರೆದುಕೊಂಡು ಆಯಿಯ ಮನೆಗೆ ಹೋದೆ. ತಪ್ಪಾಯಿತು ಎಂದು ಹೇಳಿದೆ. ಮೊಮ್ಮಗಳ ಎದುರಿಗೇ ಹೇಳಿದೆ. ಗಂಗಾಳದ ಹೆಸರು ಹೇಳಿ ಕೊಡಬೇಕು, ಯಂತ್ರದಲ್ಲಿ ತುಂಬಿಕೊಳ್ಳುತ್ತೇವೆ ಎಂದೆ. ಅವರು ಮೊದಲು ಒಲ್ಲೆ ಎಂದರು. ಆಮೇಲೆ ಸೆರಗು ಸರಿಮಾಡಿಕೊಂಡು, ಫೋಟೋಗೆ ಕೂತ ಹಾಗೆ ನೆಟ್ಟಗೆ ಕೂತು, ‘ಗಂಗಾಳ’ ಎಂದರು. ಎಷ್ಟು ಗಟ್ಟಿಯಾಗಿ ಎಂದರೆ ಪಕ್ಕದ ಮನೆಯವರು ಇಣುಕಿದರು. ಸದ್ದಿಗಾಗಿ ಹುಡುಗಿ ಬೆರಳಿನ ಗೆಣ್ಣಿನಿಂದ ಅದರ ಅಂಚಿಗೆ ಹೊಡೆದಳು. ಹಿತ್ತಾಳೆ ಎಷ್ಟು ಹೊತ್ತು ಗುಂಯ್ ಎನ್ನುತ್ತದೆ ಎಂಬುದು ನನಗೂ ಮರೆತಿತ್ತು.

ಧ್ವನಿಯ ಕೆಲಸ ಅಷ್ಟು ಸಲೀಸಾಗಿ ಆಗಲಿಲ್ಲ. ಫೋನಿನಲ್ಲಿ ತುಂಬಿದ ಕಡತವನ್ನು ಟಕ್ಸ್ ಪೇಂಟ್ ನೇರವಾಗಿ ಒಪ್ಪಲಿಲ್ಲ, ರೂಪ ಬದಲಾಯಿಸಬೇಕಾಯಿತು. ಅದಕ್ಕೂ, ಮುಂದೆ ಹಿಂದೆ ಕತ್ತರಿಸಲಿಕ್ಕೂ ಆಡಾಸಿಟಿ ಎಂಬ ಇನ್ನೊಂದು ಉಚಿತ ತಂತ್ರಾಂಶ ಇದೆ. 2000ನೆಯ ಇಸವಿಯಿಂದ ಇದೆ. ಬಹಳ ಜನ ಬಳಸುತ್ತಾರೆ. ನಮ್ಮಂಥ ಮನೆಗಳಲ್ಲಿ ಫ್ಯಾನ್, ಕುಕ್ಕರ್, ಲೋಕಲ್ ಗಾಡಿ ಮೂರೂ ಒಟ್ಟಿಗೆ ಕೂಗುತ್ತವೆ. ಫ್ಯಾನಿನದು ಮಾತ್ರ ಇರುವ ಒಂದೆರಡು ಸೆಕೆಂಡನ್ನು ಅದಕ್ಕೆ ತೋರಿಸಿದರೆ ಉಳಿದ ಕಡೆಯಿಂದ ಆ ಸದ್ದನ್ನು ಬಹುಮಟ್ಟಿಗೆ ತೆಗೆದುಹಾಕುತ್ತದೆ. ಕುಕ್ಕರಿನ ಸೀಟಿಗೆ ಮಾತ್ರ ಅದರ ಬಳಿ ಮದ್ದಿಲ್ಲ. ಮತ್ತೊಮ್ಮೆ ಹೇಳಿಸಬೇಕು.

ಮುಂದಿನ ರವಿವಾರ ತರಗತಿಯಲ್ಲಿ ಮಕ್ಕಳು ಸ್ಟ್ಯಾಂಪ್ ಒತ್ತಿದರು. ಗುಂಯ್ ಎಂದಿತು, ಹಿಂದೆಯೇ ಆಯಿ ‘ಗಂಗಾಳ’ ಎಂದರು. ಹದಿನಾಲ್ಕು ಮಕ್ಕಳೂ ಸರದಿಯಲ್ಲಿ ಒತ್ತಿದರು. ಹುಡುಗಿ ಮೂಲೆಯಲ್ಲಿ ಕೂತು ನೋಡುತ್ತಿದ್ದವಳು, ಯಾರೋ ಸ್ಟ್ಯಾಂಪನ್ನು ತೀರಾ ಚಿಕ್ಕದು ಮಾಡಿದಾಗ ಎದ್ದು ಬಂದು, ‘ಅಷ್ಟ ಸಣ್ಣದಿರೂದಿಲ್ಲ’ ಎಂದಳು. ತರಗತಿಯಲ್ಲಿ ಅವಳು ಪೂರ್ತಿ ಕನ್ನಡದಲ್ಲಿ ಹೇಳಿದ ಮೊದಲ ವಾಕ್ಯ ಅದು.

ಆಮೇಲೆ ಕರಾವಳಿಯ ಮಕ್ಕಳು ಸುಮ್ಮನಿರುತ್ತಾರೆಯೇ? ‘ನಮ್ಮಲ್ಲಿ ಬಟ್ಟಲು ಅನ್ನುವುದು’ ಎಂದರು. ಅವರದೂ ಸೇರಿತು. ತಟ್ಟೆಗೆ ನನ್ನದೇ ದನಿ. ಮೂರು ಚಿತ್ರ, ಮೂರು ದನಿ, ಮೂರಕ್ಕೂ ಒಂದೇ ಸಾಲಿನಲ್ಲಿ ಜಾಗ.

ಪೊರಕೆಯ ಹೊತ್ತಿಗೆ ದೊಡ್ಡ ಜಗಳವೇ ಆಯಿತು. ನಾನು ಪೊರಕೆ ಎಂದೆ. ಆಯಿ ಕಸಬರಿಗೆ ಎಂದರು. ಉಡುಪಿ ಕಡೆಯ ಅಜ್ಜನೊಬ್ಬರು ಹಿಡಿಸೂಡಿ ಎಂದು ಹೇಳಲು ಬಂದವರು ಪರದೆ ನೋಡಿ ಕನ್ನಡಕ ತೆಗೆದರು. ‘ಇದು ಹಿಡಿಸೂಡಿ ಅಲ್ಲ ಮಾರಾಯ್ರೇ. ಇದು ಹುಲ್ಲಿನದ್ದು. ಹಿಡಿಸೂಡಿ ಅಂದ್ರೆ ತೆಂಗಿನ ಗರಿಯ ಕಡ್ಡಿದ್ದು. ಇದರ ಮೇಲೆ ನಾನು ಹೆಸರು ಹೇಳುವುದಿಲ್ಲ’ ಎಂದರು. ಕೊನೆಗೆ ಅವರ ಮೊಮ್ಮಗ ಹೊಸದಾಗಿ ಕಡ್ಡಿ ಕಡ್ಡಿ ಬರೆದ ಮೇಲೆಯೇ ಹೆಸರು ಹೇಳಿದ್ದು. ಸದ್ದೂ ಬೇರೆ ಬಂತು. ಹುಲ್ಲಿನ ಪೊರಕೆ ಸುಯ್ ಎಂದರೆ ಹಿಡಿಸೂಡಿ ಅಂಗಳದ ಮೇಲೆ ಬರ್‌ ಬರ್‌ ಎನ್ನುತ್ತದೆ. ಒಂದು ವಸ್ತುವಿಗೆ ಮೂರು ಹೆಸರು ಎಂದು ನಾನು ಶಾಲೆಯಲ್ಲಿ ಸಮಾನಾರ್ಥಕ ಪದಗಳ ಪಟ್ಟಿ ಬರೆಸುತ್ತಿದ್ದೆ. ಚಿತ್ರ ಬರೆಯಲು ಕೂತಾಗ ತಿಳಿಯಿತು, ಎಷ್ಟೋ ಸಲ ಹೆಸರು ಬೇರೆಯಾದರೆ ವಸ್ತುವೂ ಬೇರೆಯೇ.

ಮಕ್ಕಳ ಮನೆಗಳಲ್ಲಿ ಆಮೇಲೆ ಏನೇನೋ ಆಯಿತು. ತುಳು ಮನೆಮಾತಿನ ಮಕ್ಕಳು ತುಳು ಹೆಸರೂ ಬೇಕೆಂದು ಹಟ ಹಿಡಿದರು, ಸೇರಿಸಿದೆವು. ಹೈದರಾಬಾದಿನಲ್ಲಿರುವ ಅಜ್ಜಿಯೊಬ್ಬರು ಫೋನಿನಲ್ಲೇ ಕಡಗೋಲಿನ ಹೆಸರು ಹೇಳಿ ಕಳಿಸಿದರು, ಮಜ್ಜಿಗೆ ಕಡೆಯುವ ಸದ್ದನ್ನೂ ಕೂಡ. ಈಗ ನಮ್ಮ ಕಡತಕೋಶದಲ್ಲಿ ತೊಂಬತ್ತಕ್ಕೂ ಮೇಲೆ ಸ್ಟ್ಯಾಂಪುಗಳಿವೆ. ಒಂದನ್ನೂ ಹೊರಗಿನಿಂದ ತಂದಿಲ್ಲ. ಸ್ಟ್ಯಾಂಪ್ ಬೇಕಾದವರು ಮೊದಲು ಅದನ್ನು ತಾವೇ ಬರೆಯಬೇಕು, ಮನೆಯಲ್ಲಿ ಕೇಳಬೇಕು, ದನಿ ತರಬೇಕು ಎಂಬುದು ಮಕ್ಕಳೇ ಮಾಡಿಕೊಂಡ ನಿಯಮ.

ಎಲ್ಲವೂ ಚೆನ್ನಾಗಿ ನಡೆಯುತ್ತಿದೆ ಎಂದು ಹೇಳಲಾರೆ. ರದ್ದುಮಾಡುವ ಗುಂಡಿಯದು ಒಂದು ಕಾಟ. ಕಾಗದದ ಮೇಲಾದರೆ ಎರಡು ಸಲ ಅಳಿಸಿದರೆ ಹಾಳೆ ತೂತಾಗುತ್ತದೆ, ಮಗು ಇದ್ದದ್ದಿರಲಿ ಎಂದು ಮುಂದೆ ಹೋಗುತ್ತದೆ. ಇಲ್ಲಿ ತೂತಾಗುವುದೇ ಇಲ್ಲ. ಒಬ್ಬ ಹುಡುಗ ಅಪ್ಪನ ಮೂಗನ್ನು ಒಂದು ಗಂಟೆ ಅಳಿಸಿ ಬರೆದು ಅಳಿಸಿ, ಕೊನೆಗೆ ಖಾಲಿ ಹಾಳೆ ಬಿಟ್ಟು ಎದ್ದ. ಮೂರು ಸಲಕ್ಕಿಂತ ಹೆಚ್ಚು ಅಳಿಸಬಾರದು ಎಂದು ಕಟ್ಟಳೆ ಮಾಡಿದೆ, ಯಾರೂ ಪಾಲಿಸಲಿಲ್ಲ. ಆಮೇಲೆ ಬೇರೆ ದಾರಿ ಸಿಕ್ಕಿತು. ಬದಲಾಯಿಸಿದ ಚಿತ್ರವನ್ನು ಉಳಿಸುವಾಗ, ಹಳೆಯದರ ಜಾಗದಲ್ಲಿ ಇಡಲೋ ಹೊಸದಾಗಿ ಇಡಲೋ ಎಂದು ಟಕ್ಸ್ ಪೇಂಟ್ ಕೇಳುತ್ತದೆ. ಹೊಸದಾಗಿ ಎಂದೇ ಒತ್ತಿ ಎಂದೆ. ಈಗ ಆ ಹುಡುಗನ ಅಪ್ಪನಿಗೆ ಒಂಬತ್ತು ಮೂಗುಗಳಿವೆ. ಅಪ್ಪ ಬಂದಾಗ ಒಂಬತ್ತನ್ನೂ ತೋರಿಸಿದ. ಅಪ್ಪ ಆರನೆಯದನ್ನು ಆರಿಸಿದರು.

ಇನ್ನೊಂದು ಸಲ ನನ್ನ ಅಜಾಗರೂಕತೆಯಿಂದ ಒಂದು ಲ್ಯಾಪ್‌ಟಾಪ್ ಕೆಟ್ಟು ನಾಲ್ಕು ತಿಂಗಳ ಚಿತ್ರಗಳು ಹೋದವು. ಈಗ ತಿಂಗಳಿಗೊಮ್ಮೆ ಎರಡು ಪೆನ್‌ಡ್ರೈವಿಗೆ ಹಾಕಿ ಎರಡು ಮನೆಯಲ್ಲಿ ಇಡುತ್ತೇವೆ. ಮಕ್ಕಳ ಚಿತ್ರಗಳನ್ನು ಅವರನ್ನು ಕೇಳದೆ ವಾಟ್ಸಾಪಿನಲ್ಲಿ ಊರೆಲ್ಲ ಹಂಚಬೇಡಿ ಎಂದು ಪಾಲಕರಲ್ಲಿ ಬೇಡಿಕೊಂಡಿದ್ದೇನೆ. ಅಜ್ಜಿಯರ ದನಿಗೂ ಇದೇ ಮಾತು.

ಟ್ಯಾಬ್ ಕೊಡಿಸಬೇಕೇ ಎಂಬ ಪ್ರಶ್ನೆ ಉಳಿಯಿತು. ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಅದೇ ಸಾಕು. ಹೊಸದನ್ನು ಕೊಳ್ಳುವುದಾದರೆ ಬೆರಳಿಗಿಂತ ಪರದೆಯ ಮೇಲೆ ಬರೆಯುವ ಪೆನ್ ಇರುವುದು ಮೇಲು. ಅಷ್ಟು ಖರ್ಚು ಮಾಡುವ ಮೊದಲು ಒಂದು ಕಾಗದ, ಒಂದು ಫೋನು, ಮನೆಯ ಹಿರಿಯರು, ಇವಿಷ್ಟನ್ನು ಒಂದು ಸಂಜೆ ಒಟ್ಟಿಗೆ ಕೂರಿಸಿ ನೋಡಿ. ಮಗು ಬರೆಯಲಿ, ಅಜ್ಜ ಹೇಳಲಿ, ಫೋನು ಕೇಳಿಸಿಕೊಳ್ಳಲಿ. ಮುಕ್ತ ತಂತ್ರಾಂಶಗಳನ್ನು ಕಲಿಯಬೇಕೆನ್ನುವ ಶಿಕ್ಷಕರಿಗೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಕನ್ನಡದಲ್ಲೇ ಪಾಠಗಳಿವೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರಿ ಶಾಲೆಯ ಶಿಕ್ಷಕರ ಜೊತೆ ಸೇರಿ ಬೆಳೆಸಿದ್ದು ಅದು. ನಾನೂ ಅಲ್ಲಿಂದ ಸಾಕಷ್ಟು ತಿಳಿದುಕೊಂಡೆ.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ನಮ್ಮ ಹತ್ತಿರ ರುಬ್ಬುವ ಕಲ್ಲಿನ ಚಿತ್ರ ಸಿದ್ಧವಿದೆ. ಒಂಬತ್ತು ವರ್ಷದ ಹುಡುಗ ಅಜ್ಜನ ಮನೆಯದನ್ನು ನೆನಪಿನಿಂದ ಬರೆದದ್ದು. ಹೆಸರೂ ಸಿಕ್ಕಿವೆ. ನಾನು ಒರಳು ಎಂದಿದ್ದೇನೆ, ಉಡುಪಿಯ ಅಜ್ಜ ಕಡೆಯುವ ಕಲ್ಲು ಎಂದಿದ್ದಾರೆ, ಆಯಿ ಒಳ್ಳ ಎಂದಿದ್ದಾರೆ. ಸದ್ದು ಮಾತ್ರ ಸಿಕ್ಕಿಲ್ಲ. ಗ್ರೈಂಡರಿನ ಸದ್ದು ಹಾಕೋಣವೇ ಎಂದರೆ ಮಕ್ಕಳೇ ಒಪ್ಪುತ್ತಿಲ್ಲ. ಮುಂಬಯಿಯಲ್ಲೋ ಪುಣೆಯಲ್ಲೋ ಚೆನ್ನೈಯಲ್ಲೋ ನಿಮ್ಮಲ್ಲಿ ಯಾರ ಮನೆಯ ಬಾಲ್ಕನಿಯಲ್ಲಾದರೂ ಗುಂಡಿನ ಸಮೇತ ಅಂಥದೊಂದು ಕಲ್ಲು ಇನ್ನೂ ಇದ್ದರೆ, ಒಂದು ಹಿಡಿ ಉದ್ದು ನೆನೆಹಾಕಿ, ಫ್ಯಾನ್ ಆರಿಸಿ, ಒಂದು ನಿಮಿಷ ರುಬ್ಬಿ ಫೋನಿನಲ್ಲಿ ತುಂಬಿ ಈ ಕಾರ್ಯಕ್ರಮದವರಿಗೆ ತಲುಪಿಸಿ. ಅವರು ನನಗೆ ಮುಟ್ಟಿಸುತ್ತೇವೆ ಎಂದಿದ್ದಾರೆ. ರುಬ್ಬುವಾಗ ನೀವು ಅದನ್ನು ಏನೆಂದು ಕರೆಯುತ್ತೀರಿ ಎಂಬುದನ್ನೂ ಹೇಳಿಬಿಡಿ.